ವಿಭೂತಿ ಹಚ್ಚಿದ ಗಿಟಾರ್

ದುಂಡು ಕಿಂಡಿಯ ಕೆಳಗೆ, ತಂತಿಗಳ ಬುಡಕ್ಕಿಂತ ನಾಲ್ಕು ಬೆರಳು ಮೇಲೆ, ಮರದ ಮೇಲೆ ಮೂರು ಗೆರೆ ವಿಭೂತಿ ಇತ್ತು. ಒದ್ದೆ ಬೆರಳಿನಿಂದ ಎಳೆದದ್ದು ಒಣಗಿ ಬೆಳ್ಳಗಾಗಿತ್ತು. ನಡುವಿನ ಗೆರೆಯ ತುದಿಯಿಂದ ಒಂದು ಹನಿ ಇಳಿಯಲು ಹೊರಟು ಅರ್ಧಕ್ಕೇ ನಿಂತಿತ್ತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹರಪನಹಳ್ಳಿಯಿಂದ ಕೊಟ್ಟೂರಿನ ಮನೆಗೆ ಬಂದವಳು ಒಳಕೋಣೆಯಲ್ಲಿ ಅದನ್ನು ಕಂಡೆ. ಗಿಟಾರ್ ನಾನು ಬಿಟ್ಟುಹೋದ ಮೂಲೆಯಲ್ಲೇ ಇತ್ತು. ಹೆಬ್ಬೆರಳಿನಿಂದ ಆರೂ ತಂತಿಗಳನ್ನು ಒಮ್ಮೆ ಸವರಿದೆ. ಬಂದ ದನಿ ನನಗೆ ಗೊತ್ತಿದ್ದ ದನಿಯಲ್ಲ.

ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಇದಕ್ಕ ವಿಭೂತಿ ಯಾರು ಹಚ್ಚ್ಯಾರವ್ವ?"

"ನಾನ ಹಚ್ಚೀನಿ. ಬರೇ ಹಣಿಲೆ ಭಜನಿಗೆ ಒಯ್ಯಾಕ ಬರ್ತೈತೇನು?"

"ಭಜನಿಗೆ ಒಯ್ದಿದ್ದೇನು?"

"ಮತ್ತೇನು ಮಾಡ್ಲಿ? ಸಂಘದ ತಂಬೂರಿ ಬುರುಡಿ ಸೀಳಿತು. ಬಸ್ಸಿನ ಮ್ಯಾಲೆ ಇಟ್ಟಿದ್ರು, ಅದರ ಮ್ಯಾಲೆ ಯಾರೋ ಶೇಂಗಾ ಚೀಲ ಒಗದಾರ."

"ಇದು ತಂಬೂರಿ ಅಲ್ಲವ್ವ."

ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ನನ್ನ ಕಡೆ ನೋಡಿದಳು. "ತಂತಿ ಅದಾವು, ಹೊಟ್ಟಿ ಐತಿ, ಕಿವಿ ತಿರುವಿದ್ರ ಹೇಳಿದ ಮಾತು ಕೇಳ್ತೈತಿ. ಇನ್ನೇನು ಬೇಕು?"

ಅವ್ವ ಸೋಮವಾರದ ಹೆಣ್ಣುಮಕ್ಕಳ ಭಜನೆಯ ಮುಂದಾಳು. ಅವಳಿಗೆ ತಂಬೂರಿ ಶ್ರುತಿ ಮಾಡುವುದನ್ನು ಅವಳ ತಂದೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಆ ಅಭ್ಯಾಸದಲ್ಲಿ ನನ್ನ ಗಿಟಾರಿನ ತಂತಿಗಳನ್ನೆಲ್ಲ ಪೇಟಿಗೆ, ಅಂದರೆ ಹಾರ್ಮೋನಿಯಮ್ಮಿಗೆ, ಹೊಂದಿಸಿಬಿಟ್ಟಿದ್ದಳು. ದಪ್ಪ ತಂತಿ ಪಂಚಮ, ಮುಂದಿನದು ಷಡ್ಜ, ಮತ್ತೆ ಪಂಚಮ, ನಂತರ ಎರಡು ಷಡ್ಜ, ಕೊನೆಗೆ ಇನ್ನೊಂದು ಪಂಚಮ. ಬೇರೆ ಸ್ವರವೇ ಇಲ್ಲ. ಆರು ತಂತಿಯ ವಾದ್ಯದಲ್ಲಿ ಎರಡೇ ಸ್ವರ. ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ಬೆರಳ ತುದಿ ಗಟ್ಟಿಯಾಗುವವರೆಗೆ ನಾನು ಕಲಿತದ್ದೆಲ್ಲ ಆ ಶ್ರುತಿಯಲ್ಲಿ ಕೆಲಸಕ್ಕೆ ಬಾರದು.

ಅದನ್ನು ಹಿಂದಿನಂತೆ ಮಾಡುವುದು ಹತ್ತು ನಿಮಿಷದ ಕೆಲಸ. ಆದರೂ ಮಾಡಲಿಲ್ಲ, ಯಾಕೆಂದರೆ ಆಗ ನನ್ನ ಬಳಿ ಇನ್ನೊಂದು ಗಿಟಾರ್ ಇತ್ತು.

ಆಗಿನ್ನೂ ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಕಡೆ ಗಿಟಾರ್ ಇರುವುದೇ ಒಂದು ಸುದ್ದಿ. ಎರಡಿರುವುದು ಅಪ್ಪನ ಬಟ್ಟೆಯಂಗಡಿಗೆ ಬಂದವರೆಲ್ಲ ಕೇಳುವ ಪ್ರಶ್ನೆ. ಚಿಕ್ಕದು ಮದುವೆಯಾಗಿ ಹಾಸ್ಟೆಲಿನಿಂದ ಹೊರಟ ಹಿರಿಯ ಹುಡುಗಿಯೊಬ್ಬಳು ಬಿಟ್ಟುಕೊಟ್ಟದ್ದು. ಅಂಚಿನ ಬಣ್ಣ ಹೋಗಿತ್ತು, ಒಂದು ಬಿರಡೆ, ಅವ್ವ ಹೇಳುವ ಕಿವಿ, ಆಗಾಗ ಜಾರುತ್ತಿತ್ತು. ದೊಡ್ಡದು ಹರಪನಹಳ್ಳಿಯ ಜೂನಿಯರ್ ಕಾಲೇಜಿನಲ್ಲಿ ಇತಿಹಾಸ ಕಲಿಸಲು ಸೇರಿದ ಮೇಲೆ ಹುಬ್ಬಳ್ಳಿಯಲ್ಲಿ ಕೊಂಡದ್ದು. ಅಗಲವಾದ ಮೈ, ಜೇನಿನ ಬಣ್ಣ, ಗಟ್ಟಿ ದನಿ. ಅದನ್ನು ಹರಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡಿದ್ದೆ. ಕೋಣೆಯ ಕಿಟಕಿ ಹಾಕಿ, ನನ್ನ ಜೊತೆಗಿದ್ದ ಸಹೋದ್ಯೋಗಿ ಸಂತೆಗೆ ಹೋದಾಗ ಮಾತ್ರ ನುಡಿಸುತ್ತಿದ್ದೆ.

ಬೇರೆ ನುಡಿಸುವವರು ಎಷ್ಟು ಇಟ್ಟುಕೊಂಡಿರುತ್ತಾರೆ ಎಂಬ ಕುತೂಹಲ ನನಗೂ ಇತ್ತು. ಹರಪನಹಳ್ಳಿಯ ಬ್ಯಾಂಕ್ ಅಧಿಕಾರಿಯೊಬ್ಬರ ಬಳಿ ಒಂದಿತ್ತು. ಅದು ಅವರ ಮಂಚದ ಕೆಳಗೆ, ಚೀಲದೊಳಗೆ, ಮದುವೆಗೆ ಮುಂಚಿನ ದಿನಗಳಿಂದ ಹಾಗೇ ಇತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಮದುವೆಗಳಿಗೆ ಹೋಗುವ ಆರ್ಕೆಸ್ಟ್ರಾದ ಒಬ್ಬರ ಬಳಿ ಮೂರು. ಒಂದು ಸಲ ಬಸ್ಸಿನಲ್ಲಿ ಅವರೇ ನನ್ನ ಕೈಯಲ್ಲಿದ್ದ ಚೀಲ ಗುರುತಿಸಿ ಮಾತಿಗೆ ಬಂದರು. ಮೂರರಲ್ಲಿ ಯಾವುದು ಇಷ್ಟ ಎಂದು ಕೇಳಿದೆ.

"ಕೆಂಪಂದು ಫೋಟೊಕ್ಕರಿ, ಕರೇದು ಹೊಟ್ಟಿಗೆ. ಇನ್ನೊಂದು ಐತಲ್ಲ, ಅದರ ಕಿವಿ ಕಿತ್ತಿ ಇವೆರಡಕ್ಕ ಹಾಕೀನಿ."

"ಹಂಗಾದ್ರ ಅದು ಗಿಟಾರ್ ಅಲ್ಲ."

"ಗಿಟಾರ್ ಅಲ್ಲಂದ್ರ ಏನ್ರಿ? ಮನ್ಯಾಗ ಮಕ್ಕಳು ಅದರಾಗ ಗೋಲಿ ಹಾಕಿ ಇಡ್ತಾರ."

ಈ ಮಾತನ್ನು ಅಂಗಡಿಯಲ್ಲಿ ಹೇಳಿದಾಗ ಅಪ್ಪ ನಕ್ಕು, "ನನ್ನ ಅಂಗಡ್ಯಾಗ ಎರಡು ಕತ್ರಿ ಅದಾವು," ಎಂದರು. "ಒಂದು ಚಲೋದು, ಒಂದು ಕೈಗೆ ಸಿಗೋದು." ಯಾವುದು ಇಷ್ಟ ಎಂದು ನಾನು ಕೇಳುವ ಮೊದಲೇ ಗಿರಾಕಿಯೊಬ್ಬರು ಲಂಗದ ಬಟ್ಟೆ ಕೇಳಿದರು, ಅಪ್ಪ ಎದ್ದರು. ನನ್ನನ್ನು ಕೇಳಿದ್ದರೆ ಆ ದಿನ ಯೋಚಿಸದೆ ದೊಡ್ಡದು ಎನ್ನುತ್ತಿದ್ದೆ. ಹೀಗೆ ಚಿಕ್ಕ ಗಿಟಾರ್ ಅವ್ವನ ಸೋಮವಾರಗಳಿಗೆ ಉಳಿಯಿತು.

ಆ ವರ್ಷದ ಸ್ಪರ್ಧೆಗೆ ಮೂರು ವಾರ ಇರುವಾಗ ತೊಂದರೆ ಬಂತು.

ಹರಪನಹಳ್ಳಿಯ ಒಂದು ಯುವಕ ಸಂಘದವರು ವರ್ಷಕ್ಕೊಮ್ಮೆ ಹೆಣ್ಣುಮಕ್ಕಳ ಭಜನೆಯ ಸ್ಪರ್ಧೆ ಇಡುತ್ತಿದ್ದರು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ನಾಲ್ಕೂ ತಾಲೂಕುಗಳಿಂದ ತಂಡಗಳು ಬರುತ್ತಿದ್ದವು. ಪ್ರತಿ ವರ್ಷ ಗೆಲ್ಲುತ್ತಿದ್ದದ್ದು ಹಗರಿಬೊಮ್ಮನಹಳ್ಳಿಯ ತಂಡ. ಅದರ ಮುಂದಾಳು ನನ್ನ ದೊಡ್ಡವ್ವ, ಅವ್ವನ ದೊಡ್ಡಪ್ಪನ ಮಗಳು. ಗೆದ್ದ ಫಲಕವನ್ನು ದೊಡ್ಡವ್ವ ತನ್ನ ಪಡಸಾಲೆಯಲ್ಲಿ, ಬಂದವರನ್ನು ಕೂರಿಸುವ ಕುರ್ಚಿಗಳ ಎದುರಿಗೆ ಇಟ್ಟಿದ್ದಳು. ಅವ್ವನಿಗೆ ಎಲ್ಲಕ್ಕಿಂತ ತಡೆಯಲಾಗದ್ದು ಅದೇ.

"ಆಕಿ ಮನಿಗೆ ಹೋದ್ರ ಅದನ್ನ ನೋಡ್ಕೋತ ಉಪ್ಪಿಟ್ಟು ತಿನ್ನಬೇಕು," ಎನ್ನುತ್ತಿದ್ದಳು. "ಉಪ್ಪಿಟ್ಟಾದ್ರೂ ಚಂದ ಮಾಡ್ತಾಳೇನು?"

ನಮ್ಮ ತಂಡಕ್ಕೆ ಪೇಟಿ ಬಾರಿಸುತ್ತಿದ್ದವರು ಹಿಂದೆ ನಾಟಕ ಕಂಪನಿಯಲ್ಲಿದ್ದವರು, ಕೊಟ್ಟೂರಿನವರೇ. ಅವರು ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತರು, ಚಪ್ಪಲಿ ಬಿಡಲಿಲ್ಲ. ಅದರಿಂದಲೇ ಅವ್ವನಿಗೆ ವಿಷಯ ತಿಳಿಯಿತು.

"ಈ ಸಲ ಹಗರಿಬೊಮ್ಮನಹಳ್ಳಿ ಅಕ್ಕಾರು ತಮ್ಮ ಕಡಿ ಬಾರಿಸಾಕ ಮೊದ್ಲ ಹೇಳಿಬಿಟ್ಟಾರ್ರಿ."

"ಮೊದ್ಲ ಅಂದ್ರ?"

"ಹೋದ ವರ್ಷ ಫಲಕ ತಗೊಂಡ ದಿವಸಾನ ಹೇಳ್ಯಾರ್ರಿ."

ಊರಲ್ಲಿ ಮತ್ತೊಬ್ಬ ಪೇಟಿಯವರಿದ್ದರು, ಆದರೆ ಅವರು ಮಗಳ ಬಾಣಂತನಕ್ಕೆ ಬಳ್ಳಾರಿಗೆ ಹೋಗಿದ್ದರು. ಪೇಟಿ ಇಲ್ಲದೆ ಸ್ಪರ್ಧೆಗೆ ಹೋದವರನ್ನು ನಾವು ನೋಡಿರಲಿಲ್ಲ. ಈ ಸಲ ಬಿಟ್ಟುಬಿಡೋಣ ಎಂದು ತಂಡದ ಇಬ್ಬರು ಹೆಂಗಸರು ಬಂದು ಹೇಳಿಹೋದರು. ಬಿಟ್ಟರೆ ದೊಡ್ಡವ್ವ ಏನೆನ್ನುತ್ತಾಳೆ ಎಂಬುದನ್ನು ಅವ್ವ ಅವಳದೇ ದನಿಯಲ್ಲಿ ಹೇಳಿ ತೋರಿಸಿದಳು: "ಪಾಪ, ನನ್ನ ತಂಗಿಗೆ ಮೈಯಾಗ ಆರಾಮಿಲ್ಲೇನೊ!"

ಪೇಟಿಯ ಜಾಗದಲ್ಲಿ ನಾನು ಗಿಟಾರ್ ನುಡಿಸುತ್ತೇನೆ ಎಂದು ಹೇಳಿದ್ದು ನಾನೇ. ಅದುವರೆಗೆ ಮನೆಯವರ ಎದುರಿಗೂ ನುಡಿಸಿದವಳಲ್ಲ. ಅವ್ವ ನನ್ನ ಮುಖವನ್ನೇ ನೋಡಿದಳು. "ಮಂದಿ ಮುಂದ ಕುಂದ್ರತೀಯೇನು?" ಎಂದಳು. ಹ್ಞೂಂ ಎಂದೆ.

ಮುಂದಿನ ಭಾನುವಾರದಿಂದ ದೊಡ್ಡ ಗಿಟಾರನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೊಟ್ಟೂರಿಗೆ ತಂದೆ. ಹೆಂಗಸರು ಪಡಸಾಲೆಯಲ್ಲಿ ಸುತ್ತ ಕೂತರು. ನಾನು ಎಡಗೈಯಿಂದ ಮೂರು ನಾಲ್ಕು ತಂತಿ ಒತ್ತಿ, ಬಲಗೈಯಿಂದ ಆರನ್ನೂ ಒಟ್ಟಿಗೆ ಮೀಟುತ್ತ, ಹಾಸ್ಟೆಲಿನಲ್ಲಿ ಹುಡುಗಿಯರು ಹಾಡುವಾಗ ಜೊತೆ ಕೊಡುತ್ತಿದ್ದ ರೀತಿಯಲ್ಲಿ ಜೊತೆ ಕೊಟ್ಟೆ. ದನಿ ತುಂಬಿ ಬಂತು. ಆದರೆ ಅವ್ವ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನನ್ನ ಕೈ ಗಿಟಾರಿನ ಕತ್ತಿನ ಪಟ್ಟಿಗಳ ನಡುವಿನ ಒಂದು ಮನೆಯಿಂದ ಇನ್ನೊಂದಕ್ಕೆ ಹಾರುತ್ತಿತ್ತು. ನಡುವೆ ಅವಳು ಒಂಟಿಯಾಗುತ್ತಿದ್ದಳು.

"ಚಂದ ಐತಿ," ಎಂದಳು ಅವ್ವ, ಅಳೆದು ನೋಡಿ. "ಖರೇ ನೀನು ಮೂರು ಮನಿ ಹಾಡು ಒಮ್ಮಿಗೇ ಹಾಡ್ತಿ. ನಾನು ಯಾವ ಮನಿಗೆ ಹೋಗ್ಲಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರು ವಾರದಲ್ಲಿ ಸಾಧ್ಯವಾದಷ್ಟು ಸರಿಮಾಡಿಕೊಂಡೆವು. ದೊಡ್ಡ ಗಿಟಾರ್ ಪೇಟಿಯ ಬದಲಿಗೆ, ಚಿಕ್ಕದು ತಂಬೂರಿಯ ಬದಲಿಗೆ ಅವ್ವನ ಕೈಯಲ್ಲಿ ಎಂದು ತೀರ್ಮಾನವಾಯಿತು.

ಸ್ಪರ್ಧೆಯ ದಿನ ಹರಪನಹಳ್ಳಿ ಬಸ್ ನಿಲ್ದಾಣದಿಂದ ಶಾಲೆಯವರೆಗೆ ಮೆಕ್ಕೆಜೋಳದ ಗಾಡಿಗಳ ನಡುವೆ ನಡೆದೆವು. ಎರಡೂ ಗಿಟಾರ್ ನನ್ನ ಕೈಯಲ್ಲಿ. ನನ್ನ ವಿದ್ಯಾರ್ಥಿಗಳಿಬ್ಬರು ಎದುರಿಗೆ ಸಿಕ್ಕಿ, ನಮಸ್ಕಾರ ಹೇಳಿ, ತಿರುಗಿ ನೋಡುತ್ತ ಹೋದರು. ಶಾಲೆಯ ಜಗಲಿಯ ಮೇಲೆ ದೊಡ್ಡವ್ವ ತನ್ನ ತಂಡದೊಂದಿಗೆ ಕೂತಿದ್ದಳು. ಎಲ್ಲರದೂ ಒಂದೇ ಹಸಿರು ಸೀರೆ. ಪಕ್ಕದಲ್ಲಿ ನಮ್ಮ ಪೇಟಿಯವರು, ನೆಲ ನೋಡುತ್ತ.

"ಲೇ ತಂಗಿ, ಇದೇನು ಎರಡೆರಡು ತಂದೀರಿ?" ಎಂದಳು ದೊಡ್ಡವ್ವ. "ಒಂದು ಬಾರಿಸಾಕ, ಒಂದು ಕುಂದ್ರಾಕ?"

"ಹೂಂ ಅಕ್ಕ. ನೀವು ಮಂದಿ ಪೇಟಿ ಒಯ್ದೀರಿ, ನಾವು ಮನ್ಯಾಂದು ತಂದೀವಿ," ಎಂದಳು ಅವ್ವ. ಪೇಟಿಯವರು ಎದ್ದು ನೀರು ಕುಡಿಯಲು ಹೋದರು.

ದೊಡ್ಡವ್ವ ಅಲ್ಲಿಗೆ ಬಿಡಲಿಲ್ಲ. ನಮ್ಮ ಹೆಸರು ಕೂಗಿ, ನಾವು ವೇದಿಕೆ ಹತ್ತಿದ ಕೂಡಲೇ ಕೂತಲ್ಲಿಂದಲೇ ಕೈ ಎತ್ತಿದಳು. ತೀರ್ಪುಗಾರರು ಮೂವರು. ನಡುವೆ ಕೂತಿದ್ದ ಹಿರಿಯರು ನಿವೃತ್ತ ಸಂಗೀತ ಮೇಷ್ಟ್ರು.

"ನಿಯಮದಾಗ ಒಂದು ಪೇಟಿ ಇಲ್ಲಾ ಒಂದು ತಂಬೂರಿ, ಒಂದು ತಬಲಾ, ಮತ್ತ ತಾಳ ಅಂತ ಐತಿ ಹೌದಲ್ರಿ?" ಎಂದಳು ದೊಡ್ಡವ್ವ. "ಇದು ಯಾವುದ್ರಿ? ಭಜನೀನೊ, ಸಿನಿಮಾನೊ?"

ಸಭೆಯಲ್ಲಿ ನಗು ಎದ್ದಿತು. ಮೇಷ್ಟ್ರು ನಮ್ಮನ್ನು ನೋಡಿದರು. "ಏನಮ್ಮ ಇದು? ನಿಯಮ ಹಂಗೇ ಐತೆ."

ಹಿಂದೆ ಕೂತಿದ್ದ ಹೆಂಗಸೊಬ್ಬಳು ಆಗಲೇ ತಾಳವನ್ನು ಸೆರಗಿನೊಳಗೆ ಇಟ್ಟುಕೊಂಡಳು. ಮಾತಾಡುವವರು ನಾನಲ್ಲದೆ ಬೇರೆ ಯಾರೂ ಇರಲಿಲ್ಲ. ತರಗತಿಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದೆ. ನಮ್ಮ ತಂಬೂರಿ ಒಡೆದಿದೆ, ಈ ಚಿಕ್ಕದನ್ನು ತಂಬೂರಿಯ ಶ್ರುತಿಗೆ ತಂದಿದ್ದೇವೆ, ಇದರಲ್ಲಿ ಈಗ ಷಡ್ಜ ಮತ್ತು ಪಂಚಮ ಬಿಟ್ಟರೆ ಬೇರೆ ಸ್ವರವಿಲ್ಲ, ಬೇಕಾದರೆ ಕೇಳಿ ನೋಡಬಹುದು ಎಂದೆ.

ಮೇಷ್ಟ್ರು ಎದ್ದೇ ಬಂದರು. ಬಾಗಿ ಒಂದೊಂದೇ ತಂತಿ ಮೀಟಿದರು. ವಿಭೂತಿಯ ಗೆರೆಗಳನ್ನು ನೋಡಿದರು. ಬಸ್ಸಿನ ಬಿಸಿಲಿಗೆ ಒಂದು ತಂತಿ ಸ್ವಲ್ಪ ಇಳಿದಿತ್ತು. ಅವ್ವ ಬಾಯಲ್ಲಿ ಸ್ವರ ಹಿಡಿದಳು, ನಾನು ಬಿರಡೆ ತಿರುವಿದೆ, ಸೇರಿತು.

"ಎಡಗೈ ಮುಟ್ಟಿಸಬಾರದು," ಎಂದರು ಮೇಷ್ಟ್ರು. "ಒಂದು ಸಲ ತಂತಿ ಒತ್ತಿದ್ರೂ ಅದು ತಂಬೂರಿ ಅಲ್ಲ. ಆ ದೊಡ್ಡದನ್ನ ಕೆಳಗೆ ಇಡ್ರಿ."

"ಒಪ್ಪಿಗಿ ಐತಿ," ಎಂದೆ.

ಅವ್ವ ಗಿಟಾರನ್ನು ನನ್ನ ಮಡಿಲಿಗೆ ಸರಿಸಿದಳು. "ನನ್ನ ಕೈ ನಿಲ್ಲವಲ್ಲವು. ನೀನ ಹಿಡಿ," ಎಂದು ಪಿಸುಗುಟ್ಟಿದಳು. "ನನ್ನ ಹಿಂದ ಬರಬ್ಯಾಡ. ನೀನು ಒಂದ ಕಡಿ ನಿಲ್ಲು, ನಾವು ಬರ್ತೀವಿ."

ಹೀಗೆ ಮೂರು ವಾರ ಕಲಿತದ್ದೂ ಎರಡು ವರ್ಷ ಕಲಿತದ್ದೂ ವೇದಿಕೆಯ ಕೆಳಗೆ ಚೀಲದಲ್ಲಿ ಉಳಿಯಿತು. ನಾನು ಚಿಕ್ಕ ಗಿಟಾರನ್ನು ತಂಬೂರಿಯ ಹಾಗೆ ನೆಟ್ಟಗೆ ನಿಲ್ಲಿಸಿ ಭುಜಕ್ಕೆ ಒರಗಿಸಿಕೊಂಡೆ, ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಇಟ್ಟೆ, ಬಲಗೈಯ ನಡುಬೆರಳಿನಿಂದ ಒಂದೊಂದೇ ತಂತಿ ಮೀಟತೊಡಗಿದೆ. ಬೆರಳು ಅವಸರ ಪಡುತ್ತಿತ್ತು. ಎರಡು ಸುತ್ತಿನ ನಂತರ ಅದಕ್ಕೆ ತನ್ನ ನಡೆ ಸಿಕ್ಕಿತು. ಮೂರನೆಯ ಸುತ್ತಿಗೆ ಅವ್ವ ಹಾಡು ಎತ್ತಿದಳು.

ಮೊದಲ ಹಾಡು ಅಲುಗಾಡುತ್ತ ಶುರುವಾಯಿತು. ಪೇಟಿ ಇದ್ದಾಗ ಹೆಂಗಸರೆಲ್ಲ ಪೇಟಿಯನ್ನು ಹಿಂಬಾಲಿಸುತ್ತಿದ್ದರು; ಯಾರು ತಪ್ಪಿದರೂ ಅದರ ಸದ್ದು ಮುಚ್ಚಿಕೊಳ್ಳುತ್ತಿತ್ತು. ಈಗ ಹಿಂಬಾಲಿಸಲು ಅವ್ವನ ಬಾಯಿ ಬಿಟ್ಟರೆ ಬೇರೇನಿಲ್ಲ. ಎರಡನೆಯ ನುಡಿಯಲ್ಲಿ ಅವರು ಒಬ್ಬರ ದನಿಯನ್ನು ಒಬ್ಬರು ಕೇಳತೊಡಗಿದರು. ಅದು ಪಕ್ಕದಲ್ಲಿ ಕೂತ ನನಗೆ ಮೈಗೆ ತಾಗುವಷ್ಟು ಸ್ಪಷ್ಟವಾಗಿ ತಿಳಿಯಿತು. ದನಿಗಳು ಹತ್ತಿರ ಬಂದವು, ಒಂದಾದವು, ಪ್ರತಿ ಮಾತೂ ಬಿಡಿಬಿಡಿಯಾಗಿ ಸಭೆಗೆ ಹೋಯಿತು. ಅವ್ವ ಎಲ್ಲಿಗೆ ಜಾರಿದರೂ, ಎಷ್ಟು ಮೇಲೆ ಹೋದರೂ, ತಿರುಗಿ ಬಂದಾಗ ಷಡ್ಜ ಅಲ್ಲೇ ಇತ್ತು. ಅದನ್ನು ಅಲ್ಲೇ ಇಡುವುದಷ್ಟೇ ನನ್ನ ಕೆಲಸ. ಅಷ್ಟು ಸಣ್ಣ ಕೆಲಸವನ್ನು ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ಎರಡನೆಯದು ಒಂದು ತತ್ವಪದ. ಅದರಲ್ಲಿ ನುಡಿ ಮುಗಿದ ಮೇಲೆ ಒಂದು ಬಿಡುವು ಬರುತ್ತದೆ. ಅಲ್ಲಿ ಪೇಟಿಯವರು ಯಾವಾಗಲೂ ತಮ್ಮ ಕೈಚಳಕ ತೋರಿಸುತ್ತಿದ್ದರು. ಜನ ಚಪ್ಪಾಳೆ ಹೊಡೆಯುತ್ತಿದ್ದದ್ದೂ ಅಲ್ಲಿಯೇ. ಈ ಸಲ ಆ ಬಿಡುವಿನಲ್ಲಿ ಆರು ತಂತಿಗಳ ಸದ್ದು ಮಾತ್ರ, ಯಾರೂ ಕೆಮ್ಮಲಿಲ್ಲ. ಅವ್ವ ಕಣ್ಣು ಮುಚ್ಚಿ ಆ ಬಿಡುವನ್ನು ಇನ್ನೊಂದು ಸುತ್ತು ಬೆಳೆಸಿದಳು. ಅಭ್ಯಾಸದಲ್ಲಿ ಇಲ್ಲದ್ದು. ನಾನೂ ಬೆಳೆಸಿದೆ. ಆಮೇಲೆ ಅವಳು ಮೇಲಿನ ಷಡ್ಜದಲ್ಲಿ ಎತ್ತಿಕೊಂಡಾಗ ಹಿಂದಿನ ಸಾಲಿನಿಂದ ಯಾರೋ ಗಂಡಸರು "ಭೇಷ್!" ಎಂದು ಕೂಗಿದರು. ಮೇಷ್ಟ್ರು ಅವರನ್ನು ಸುಮ್ಮನಿರಿಸಲಿಲ್ಲ.

ಉಳಿದ ತಂಡಗಳು ಹಾಡಿ ಮುಗಿಸುವಾಗ ಬಿಸಿಲು ಇಳಿದಿತ್ತು. ದೊಡ್ಡವ್ವನ ತಂಡ ಚೆನ್ನಾಗಿಯೇ ಹಾಡಿತು. ಪೇಟಿಯವರು ಎಂದಿಗಿಂತ ಜೋರಾಗಿ ಬಾರಿಸಿದರು. ಮೇಷ್ಟ್ರು ಎದ್ದು ನಿಂತು, ಈ ಸಲ ಒಂದು ತಂಡದ ಮಾತುಗಳೆಲ್ಲ ತಮ್ಮ ಕಿವಿಗೆ ಬಿದ್ದವು ಎಂದು ಮಾತ್ರ ಹೇಳಿ ಕೊಟ್ಟೂರಿನ ಹೆಸರು ಓದಿದರು. ನಮ್ಮ ಹೆಂಗಸರು ಎದ್ದು ನಿಂತು ಕಿರುಚಿದರು. ನಾನು ಕೂಡ ಕಿರುಚಿದೆನಂತೆ. ಅವ್ವ ಹಾಗೆ ಹೇಳುತ್ತಾಳೆ.

ದೊಡ್ಡವ್ವ ಹತ್ತಿರ ಬಂದು ಗಿಟಾರಿನ ಅಂಚನ್ನು ಬೆರಳಿನಿಂದ ತಟ್ಟಿದಳು. "ಲೇ ತಂಗಿ, ಈ ಕಟ್ಟಿಗಿ ನನಗ ಕೊಡ್ತಿ ಏನು?"

"ಕೊಡಂಗಿಲ್ಲಕ್ಕ," ಎಂದಳು ಅವ್ವ, ಫಲಕವನ್ನು ಮಗುವಿನಂತೆ ಸೊಂಟದ ಮೇಲೆ ಇಟ್ಟುಕೊಂಡು. "ಉಪ್ಪಿಟ್ಟಿಗೆ ಬಾ ನಮ್ಮನಿಗೆ. ಇದರ ಎದುರಿಗೇ ಕುಂದ್ರಸ್ತೀನಿ."

ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಉಪ್ಪು ನೋಡಿ ಹಾಕಲೇ, ಹೋದ ಸಲದಂಗ ಮಾಡಬ್ಯಾಡ," ಎಂದಳು.

ಸಂಜೆಯ ಬಸ್ಸಿನಲ್ಲಿ ಫಲಕ ಮಡಿಲಿಂದ ಮಡಿಲಿಗೆ ಹೋಯಿತು. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದರು. ಹೆಂಗಸರು ಟಿಕೆಟ್ ಬದಲು ಮಂಡಕ್ಕಿ ಕೊಟ್ಟರು, ಹಾಡನ್ನೂ ಕೊಟ್ಟರು. ದೊಡ್ಡ ಗಿಟಾರ್ ಬಸ್ಸಿನ ಮೇಲೆ ಹೋಯಿತು. ಚಿಕ್ಕದು ನನ್ನ ಮಡಿಲಲ್ಲಿ ಬಂತು. ಹಾಗೆ ಮಾಡಬೇಕೆಂದು ನಾನು ಯೋಚಿಸಿರಲಿಲ್ಲ. ಕೊಟ್ಟೂರಿನಲ್ಲಿ ಇಳಿಯುವಾಗ ಮಾತ್ರ ಗಮನಿಸಿದೆ.

ಇಡೀ ದಾರಿ ನನ್ನ ಕಿವಿಯಲ್ಲಿ ಒಂದು ವಿಷಯ ಉಳಿದಿತ್ತು. ವೇದಿಕೆಯ ಮೇಲೆ ಅಕ್ಕಪಕ್ಕದ ಎರಡು ಷಡ್ಜಗಳು ಸ್ವರದಲ್ಲಿ ಸೇರಿದ್ದವು, ದನಿಯಲ್ಲಿ ಸೇರಿರಲಿಲ್ಲ. ತೆಳು ತಂತಿಯ ಕಡೆಯಿಂದ ಎಣಿಸಿದರೆ ಎರಡನೆಯ ತಂತಿ ಸಣ್ಣದು, ಇಳಿಸಿದ್ದರಿಂದ ಸಡಿಲ, ಮೂರನೆಯದು ದಪ್ಪ. ತಂಬೂರಿಯಲ್ಲಿ ಆ ಜೋಡಿ ಒಂದೇ ದಪ್ಪದ್ದು. ಬೇರೆ ಯಾರಿಗೂ ಕೇಳಿರಲಾರದು.

ಮರುದಿನ ಸೋಮವಾರ. ಬೆಳಿಗ್ಗೆ ಬೇಗ ಎದ್ದು, ಪಡಸಾಲೆಯ ಬಾಗಿಲು ತೆಗೆದು, ಬೆಳಕಿಗೆ ಎರಡೂ ಗಿಟಾರುಗಳನ್ನು ಚಾಪೆಯ ಮೇಲೆ ಮಲಗಿಸಿದೆ. ದೊಡ್ಡದರ ಮೂರನೆಯ ತಂತಿಯನ್ನು ಸಡಿಲಿಸಿ, ಬಿಚ್ಚಿ, ಸುರುಳಿ ನೇರ ಮಾಡಿದೆ. ಚಿಕ್ಕದರ ಎರಡನೆಯ ತಂತಿಯನ್ನು ತೆಗೆದು ಆ ಜಾಗದಲ್ಲಿ ಅದನ್ನು ಕಟ್ಟಿದೆ. ಅವ್ವ ಅಂಗಳಕ್ಕೆ ನೀರು ಹಾಕಿ ಬಂದು ನಿಂತಳು.

"ಚಲೋದರದ್ದು ಯಾಕ ಕಿತ್ತಿ?"

"ಸ ಹಿಡಿಯವ್ವ," ಎಂದೆ.

ಅವ್ವ ಬಕೆಟ್ಟು ಕೆಳಗಿಡದೆಯೇ ಸ್ವರ ಹಿಡಿದಳು. ಬಿರಡೆ ತಿರುವಿ, ಎರಡು ತಂತಿಗಳನ್ನು ಒಟ್ಟಿಗೆ ಮೀಟಿದೆ. ಎರಡರ ದನಿಯೂ ಒಂದೇ ಆಗಿ ಬಂತು. ಸಂಜೆಯ ಭಜನೆಗೆ ಚಿಕ್ಕದನ್ನು ಪಡಸಾಲೆಯಲ್ಲೇ ಇಟ್ಟು, ಐದು ತಂತಿಯ ದೊಡ್ಡ ಗಿಟಾರನ್ನು ಚೀಲಕ್ಕೆ ಹಾಕಿ ಒಳಗಿರಿಸಿ, ಕಾಲೇಜಿಗೆ ಹೋಗುವ ಬಸ್ಸಿಗೆ ಬರಿಗೈಯಲ್ಲಿ ಹೊರಟೆ.